ಬೀಳುವ ನೀರಿನ ಬೆಲೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಯಾಗರದ ಎದುರು ನಿಂತು ತೆಗೆಸಿಕೊಂಡ ಭಾವಚಿತ್ರವನ್ನು ಕಳುಹಿಸಿ, "ಗುರುಗಳೇ, ಜಗತ್ತಿನಲ್ಲಿ ನೋಡಲೇಬೇಕಾದ ಜಲಪಾತಗಳು ಯಾವುವು? ಅವುಗಳಲ್ಲಿ ನಿಮ್ಮ ಮೆಚ್ಚಿನದು ಯಾವುದು?" ಎಂದು ಕೇಳಿದ್ದಾನೆ.

ಮೊದಲನೆಯ ಪ್ರಶ್ನೆ ಇತಿಹಾಸ, ಭೂಗೋಳ ಕಲಿಸಿದ ಮಾಸ್ತರನಿಗೆ ಕಷ್ಟದ್ದಲ್ಲ. ಎತ್ತರದಲ್ಲಿ ವೆನಿಜುವೆಲಾದ ಏಂಜೆಲ್ ಎಲ್ಲಕ್ಕೂ ಹಿರಿದು, 979 ಮೀಟರ್. ಆಫ್ರಿಕದ ಜಾಂಬೆಜಿ ನದಿಯ ಜಲಪಾತವನ್ನು 1855ರಲ್ಲಿ ಕಂಡ ಲಿವಿಂಗ್‌ಸ್ಟನ್ ಅದಕ್ಕೆ ತನ್ನ ರಾಣಿ ವಿಕ್ಟೋರಿಯಾಳ ಹೆಸರಿಟ್ಟ. ಅಲ್ಲಿನ ಜನರಾದರೋ ಅದನ್ನು 'ಗುಡುಗುವ ಹೊಗೆ' ಎಂಬ ಅರ್ಥದ ತಮ್ಮದೇ ಹೆಸರಿನಿಂದ ಮೊದಲಿನಿಂದಲೂ ಕರೆಯುತ್ತಿದ್ದರು. ಇವನ್ನೆಲ್ಲ ನಾನು ಗೋಡೆಯ ನಕಾಶೆಯ ಮೇಲೆ ಕೋಲಿನಿಂದ ತೋರಿಸಿದವನೇ ಹೊರತು ಕಣ್ಣಾರೆ ಕಂಡವನಲ್ಲ. ಕಂಡದ್ದು ನಮ್ಮ ನಾಡಿನವು ಮಾತ್ರ. ಎರಡನೆಯ ಪ್ರಶ್ನೆಯೇ ಕಠಿಣವಾದದ್ದು. ಅದಕ್ಕೆ ಉತ್ತರ ಹೇಳಬೇಕಾದರೆ ನಾನು ತರಗತಿಯಲ್ಲಿ ಹೇಳಿಕೊಟ್ಟ ಒಂದು ಪಾಠವನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಮೊದಲು ಗೋಕಾಕ. ಘಟಪ್ರಭೆ ಅಲ್ಲಿ ಸುಮಾರು 170 ಅಡಿ ಕೆಳಗೆ ಧುಮುಕುತ್ತದೆ. ಮಳೆಗಾಲದ ಕೆಂಪು ನೀರು, ದಡದ ಮಹಾಲಿಂಗೇಶ್ವರನ ಗುಡಿ, ತೂಗುಸೇತುವೆ ಇವೆಲ್ಲವೂ ಸರಿಯೇ. ಆದರೆ ಇತಿಹಾಸದ ವಿದ್ಯಾರ್ಥಿ ನೋಡಬೇಕಾದದ್ದು ಪಕ್ಕದ ನೂಲಿನ ಗಿರಣಿಯನ್ನು. 1887ರಲ್ಲಿ ಕೆಲಸ ಆರಂಭಿಸಿದ ಆ ಗಿರಣಿಯ ಯಂತ್ರಗಳನ್ನು ತಿರುಗಿಸಿದ್ದು ಇದೇ ಬೀಳುವ ನೀರಿನ ಬಲ. ನೀರು ದುಡಿಯಬಲ್ಲದು ಎಂಬುದನ್ನು ಕನ್ನಡ ನಾಡು ಮೊದಲು ದೊಡ್ಡದಾಗಿ ಕಂಡ ಜಾಗಗಳಲ್ಲಿ ಇದೂ ಒಂದು.

ಎರಡನೆಯದು ಶಿವನಸಮುದ್ರ. ಕಾವೇರಿ ಅಲ್ಲಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿ ಎಂದು ಎರಡಾಗಿ ಬೀಳುತ್ತಾಳೆ. ಅಮೆರಿಕದಲ್ಲಿ ನಯಾಗರದ ನೀರಿನಿಂದ ಹುಟ್ಟಿದ ವಿದ್ಯುತ್ತು 1896ರಲ್ಲಿ ಬಫಲೋ ನಗರವನ್ನು ಮುಟ್ಟಿತು. ಅದಾದ ಆರೇ ವರ್ಷಗಳಲ್ಲಿ, 1902ರ ಜೂನಿನಲ್ಲಿ, ಶಿವನಸಮುದ್ರದ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಯನ್ನು ತಲುಪಿತು. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ಮನೆಯ ದೀಪಕ್ಕಿಂತ ಮೊದಲು ಗಣಿ ಎಂಬ ಆ ಕ್ರಮವನ್ನು ಗಮನಿಸಬೇಕು. ಈ ಯೋಜನೆಗೆ ಕೈಹಾಕಿದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದು ಪೂರ್ಣವಾಗುವುದನ್ನು ನೋಡಲಿಲ್ಲ, 1901ರಲ್ಲಿಯೇ ತೀರಿಕೊಂಡರು. ಬೇಸಗೆಯಲ್ಲಿ ಹೊಳೆ ಬಡವಾದರೆ ಗಣಿಯ ಯಂತ್ರ ನಿಲ್ಲುತ್ತಿತ್ತು. ವರ್ಷವಿಡೀ ನೀರು ಬೇಕೆಂಬ ಆ ಅಗತ್ಯವೂ 1911ರಲ್ಲಿ ಕನ್ನಂಬಾಡಿಯ ಕಟ್ಟೆಗೆ ಕೈಹಚ್ಚಲು ಒಂದು ಕಾರಣವಾಯಿತು. ಗಣಿ 2001ರಲ್ಲಿ ಮುಚ್ಚಿತು. ಕಾವೇರಿ ಇನ್ನೂ ದುಡಿಯುತ್ತಿದ್ದಾಳೆ.

ಮೂರನೆಯದು ಜೋಗ. ಶರಾವತಿ ಅಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ 253 ಮೀಟರ್ ಬೀಳುತ್ತದೆ. 1948ರಲ್ಲಿ ಅಲ್ಲಿ ವಿದ್ಯುದಾಗಾರ ಆರಂಭವಾಯಿತು. ಅದಕ್ಕೆ ಅನಂತರ ಮಹಾತ್ಮ ಗಾಂಧಿಯವರ ಹೆಸರಿಟ್ಟರು. 1964ರಲ್ಲಿ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ, ಧಾರೆಯಾಗಿ ಬೀಳಬೇಕಾದ ನೀರಿನ ಹೆಚ್ಚು ಪಾಲು ಕೊಳವೆಗಳಲ್ಲಿ ಇಳಿಯತೊಡಗಿತು.

1980ರ ದಶಕದಲ್ಲಿ ಒಂದು ಫೆಬ್ರವರಿ ತಿಂಗಳಿನಲ್ಲಿ ಮಕ್ಕಳನ್ನು ಕರೆದುಕೊಂಡು ನಾನು ಜೋಗಕ್ಕೆ ಪ್ರವಾಸ ಹೋಗಿದ್ದೆ. ಪರೀಕ್ಷೆಗೆ ಮೊದಲು ಪ್ರವಾಸ ಮುಗಿಯಬೇಕೆಂಬ ಲೆಕ್ಕದಲ್ಲಿ ಮಳೆಗಾಲದ ಲೆಕ್ಕ ತಪ್ಪಿತ್ತು. ತಪ್ಪು ನನ್ನದೇ. ಎದುರಿಗೆ ಕಪ್ಪು ಬಂಡೆಯ ಗೋಡೆ, ಅದರ ಮೇಲೆ ಬಿಳಿಯ ದಾರದೆಳೆಯಂತೆ ಇಳಿಯುವ ನೀರು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದಿದ್ದ ಹುಡುಗಿಯೊಬ್ಬಳು, "ಸರ್, ಜೋಗ ಎಲ್ಲೈತ್ರಿ?" ಎಂದು ಕೇಳಿದಳು. ನಾನು ಬಹಳ ಹೆಮ್ಮೆಯಿಂದ, "ನಿಮ್ಮ ಮನೆಯ ಬಲ್ಬಿನಲ್ಲಿದೆಯಮ್ಮಾ" ಎಂದೆ. ಉಳಿದ ಮಕ್ಕಳು ನಕ್ಕರು. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನ್ಯಾಗ ಕರೆಂಟ್ ಇಲ್ಲರೀ ಸರ್" ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸುಮ್ಮನೆ ಬೀಳುವ ನೀರು ವ್ಯರ್ಥ, ಕಟ್ಟಿ ನಿಲ್ಲಿಸಿದ ನೀರು ಸಾರ್ಥಕ ಎಂಬ ಪಾಠವನ್ನು ನಾನು ಅದುವರೆಗೆ ಸಂದೇಹವಿಲ್ಲದೆ ಹೇಳಿಕೊಟ್ಟಿದ್ದೆ. ನೀರು ಯಾರಿಗಾಗಿ ಸಾರ್ಥಕ, ಅದಕ್ಕೆ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆಗಳು ಆ ಪಾಠದಲ್ಲಿ ಇರಲಿಲ್ಲ. ಶರಾವತಿಯ ಮುಳುಗಡೆಯಲ್ಲಿ ಮನೆ, ಗದ್ದೆ ಬಿಟ್ಟು ಎದ್ದ ಕುಟುಂಬಗಳು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದಾಡಿದ್ದನ್ನು ಆಮೇಲೆ ಓದಿ ತಿಳಿದೆ.

ಹೊರದೇಶದಲ್ಲಿಯೂ ಇದೇ ಕಥೆ. ಬ್ರೆಜಿಲ್ ಮತ್ತು ಪರಾಗ್ವೆ ದೇಶಗಳ ಗಡಿಯಲ್ಲಿ ಪರಾನಾ ನದಿಯ ಮೇಲೆ ಗ್ವಾಯಿರಾ ಎಂಬ ಜಲಪಾತಗಳ ಸಮೂಹವಿತ್ತು. ಬಿದ್ದು ಹೋಗುವ ನೀರಿನ ಪ್ರಮಾಣದಲ್ಲಿ ಜಗತ್ತಿನ ಅತಿ ದೊಡ್ಡ ಜಲಪಾತಗಳ ಸಾಲಿಗೆ ಸೇರಿದ್ದು ಅದು. ಇಟೈಪು ಅಣೆಕಟ್ಟಿನ ನೀರು ತುಂಬಿದಾಗ, 1982ರ ಅಕ್ಟೋಬರಿನಲ್ಲಿ, ಎರಡೇ ವಾರಗಳಲ್ಲಿ ಅದು ಮುಳುಗಿಹೋಯಿತು. ನೋಡಬೇಕಾದ ಜಲಪಾತಗಳ ಪಟ್ಟಿಯಲ್ಲಿ ಅದರ ಹೆಸರು ಇನ್ನೆಂದೂ ಬರಲಾರದು. ನಯಾಗರದ ಕಥೆ ಸ್ವಲ್ಪ ಬೇರೆ. ಅಮೆರಿಕ ಮತ್ತು ಕೆನಡಾ 1950ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಪ್ರವಾಸಿಗರು ಬರುವ ತಿಂಗಳುಗಳ ಹಗಲಿನಲ್ಲಿ ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರನ್ನು ಜಲಪಾತಕ್ಕೆ ಬಿಡಬೇಕು, ಉಳಿದ ವೇಳೆಯಲ್ಲಿ ಅದರ ಅರ್ಧ ಸಾಕು. ಆದ್ದರಿಂದ, ಮಗು, ನೀನು ಕಂಡದ್ದು ಗಡಿಯಾರ ನೋಡಿಕೊಂಡು ಬೀಳುವ ಜಲಪಾತ! ಆದರೂ ಅಲ್ಲಿನವರು ವಿದ್ಯುತ್ತಿನ ಜೊತೆಗೆ ನೋಟಕ್ಕೂ ಒಂದು ಪಾಲನ್ನು ಕಾಗದದ ಮೇಲೆ ಬರೆದಿಟ್ಟರು. ಅದನ್ನು ಮೆಚ್ಚಬೇಕು.

ಇನ್ನು ನಮ್ಮ ಹುಲಿಗಿಯ ಮಾತು. ಹುಲಿಗೆಮ್ಮನ ದರ್ಶನಕ್ಕೆ ಬಂದವರೆಲ್ಲ ಮುನಿರಾಬಾದಿನ ಡ್ಯಾಮನ್ನೂ ನೋಡಿಯೇ ಹೋಗುತ್ತಾರೆ. 33 ಗೇಟುಗಳನ್ನೂ ತೆರೆದ ದಿನ ಬಯಲುಸೀಮೆಯ ನಮ್ಮ ಪಾಲಿಗೆ ಅದೇ ಜೋಗ, ಅದೇ ನಯಾಗರ. ಇಲ್ಲಿ ಹೊಳೆಗೆ ಕಟ್ಟೆ ಕಟ್ಟುವುದು ಹೊಸದಲ್ಲ. ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಯ ಕಾಲುವೆಗಳು ವಿಜಯನಗರದ ಕಾಲದವು. ಅಂದಿನ ಒಡ್ಡುಗಳು ಹೊಳೆಯನ್ನು ತಡೆದು ನಿಲ್ಲಿಸಲಿಲ್ಲ, ಬದಿಗೆ ಸ್ವಲ್ಪ ತಿರುಗಿಸಿಕೊಂಡು ಉಳಿದದ್ದನ್ನು ಹರಿಯಲು ಬಿಟ್ಟವು. ಈಗಿನ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿತ್ತು. ಆಗ ಎಡದಂಡೆ ಹೈದರಾಬಾದಿನ ನಿಜಾಮರದು, ಬಲದಂಡೆ ಮದರಾಸು ಪ್ರಾಂತ್ಯದ್ದು. 1953ರಲ್ಲಿ ಕಾಲುವೆಗೆ ನೀರು ಬಂದಾಗ ಎರಡೂ ದಂಡೆ ಸ್ವತಂತ್ರ ಭಾರತದವು. ಸುಮಾರು 90 ಹಳ್ಳಿಗಳು ಮುಳುಗಿದವು. ಕಾರಟಗಿ, ಗಂಗಾವತಿಗಳು ಭತ್ತದ ಕಣಜಗಳಾದವು. ಇವೆರಡೂ ಒಂದೇ ನೀರಿನ ಕೆಲಸ.

2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಆ ದಿನಗಳಲ್ಲಿ ಹೊಳೆಯ ಮೊರೆತ ನಮ್ಮ ಮನೆಯ ಅಂಗಳಕ್ಕೂ ಕೇಳುತ್ತಿತ್ತು. ನೋಡಲು ಹೊರಟ ಜನರೊಡನೆ ನಾನೂ ಹೊರಟೆ. ದಾರಿಯಲ್ಲಿ ಕಾರಟಗಿಯ ಕಡೆಯ ರೈತನೊಬ್ಬ, ನನ್ನ ಹಳೆಯ ವಿದ್ಯಾರ್ಥಿಯೇ, ಬೆನ್ನು ತಿರುಗಿಸಿ ಕುಳಿತಿದ್ದ. "ಯಾಕಪ್ಪಾ, ನೋಡಾಕ ಬರೋದಿಲ್ಲೇನು?" ಎಂದೆ. "ಹೆಂಗ ನೋಡಲಿ ಸರ್? ಮಂದಿಗೆ ಅದು ನೀರು. ಹರಕೊಂಡು ಹೊಂಟಿದ್ದು ನಮ್ಮ ಎರಡನೇ ಬೆಳೀರಿ" ಎಂದ. ನಾನು ಮುಂದೆ ಹೋಗದೆ ಅವನ ಪಕ್ಕದಲ್ಲಿಯೇ ಕುಳಿತೆ.

ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಆ ಬಾಯನ್ನು ಮುಚ್ಚಿದರು. ಆ ಕೆಲಸ ಮಾಡಿದವರಿಗೆ ನಮ್ಮ ಸೀಮೆ ಋಣಿ. ಮಳೆಯೂ ಕೈಬಿಡದೆ ಜಲಾಶಯ ಮತ್ತೆ ತುಂಬಿತು. ಆದರೆ 133 ಟಿಎಂಸಿಗೆಂದು ಕಟ್ಟಿದ ಅಣೆಕಟ್ಟು ಹೂಳು ತುಂಬಿ 105ಕ್ಕೆ ಇಳಿದಿದೆ. ಗೇಟುಗಳ ಭಯದಿಂದ 2025ರಲ್ಲಿ 80ಕ್ಕಿಂತ ಹೆಚ್ಚು ನಿಲ್ಲಿಸಲಾಗಲಿಲ್ಲ.

ಜೋಗದಲ್ಲಿ ಆ ಹುಡುಗಿ ಬೀಳದ ನೀರನ್ನು ಕಂಡು ಮರುಗಿದಳು, ಇಲ್ಲಿ ಈ ರೈತ ಬೀಳುವ ನೀರನ್ನು ಕಂಡು ಮರುಗಿದ. ಇಬ್ಬರೂ ನನ್ನ ವಿದ್ಯಾರ್ಥಿಗಳು, ಇಬ್ಬರ ಮಾತೂ ಸತ್ಯ. ಒಂದೇ ಸಾಲಿನ ಪಾಠ ಇಬ್ಬರಿಗೂ ಸಾಲದು ಎಂದು ತಿಳಿಯಲು ನನಗೆ ನಾಲ್ಕು ದಶಕ ಬೇಕಾಯಿತು.

ಇನ್ನು ಎರಡನೆಯ ಪ್ರಶ್ನೆಗೆ ಉತ್ತರ. ಗೋಕಾಕ, ಶಿವನಸಮುದ್ರ, ಜೋಗಗಳನ್ನು ಮಳೆಗಾಲದಲ್ಲಿಯೇ ಹೋಗಿ ನೋಡಿರಿ. ಆದರೆ ನನ್ನ ಮೆಚ್ಚಿನದು ಕುಷ್ಟಗಿ ತಾಲ್ಲೂಕಿನ ಕಬ್ಬರಗಿಯ ಬಳಿಯ ಕಪಿಲತೀರ್ಥ. ಚಿಕ್ಕದು. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಬರಿಯ ಬಂಡೆ. ಯಾವ ಗಣಿಯೂ ಯಾವ ನಗರವೂ ಅದರ ದಾರಿ ಕಾಯುವುದಿಲ್ಲವಾದ್ದರಿಂದ ಅದರ ಮುಂದೆ ಕುಳಿತಾಗ ನನ್ನ ಮನಸ್ಸಿನಲ್ಲಿ ಯಾವ ಲೆಕ್ಕವೂ ಏಳುವುದಿಲ್ಲ. ಮುಂದಿನ ಶ್ರಾವಣದಲ್ಲಿ ಊರಿಗೆ ಬಂದವರು ಒಂದು ಮಾತು ತಿಳಿಸಿರಿ. ಅಮ್ಮನ ದರ್ಶನ ಮುಗಿಸಿ, ಬುತ್ತಿ ಕಟ್ಟಿಕೊಂಡು ಎಲ್ಲರೂ ಕೂಡಿಯೇ ಹೋಗೋಣ.