ಮಾಡಿನ ಮೇಲಿನ ಬಿಸಿಲು: ಕರ್ನಾಟಕದ ಮನೆಗಳಲ್ಲಿ ಸೌರವಿದ್ಯುತ್ತು

ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ 1954ರಲ್ಲೇ ಜಗತ್ತಿಗೆ ತೋರಿಸಿತ್ತಾದರೂ, ಅದು ಕರಾವಳಿ ಮತ್ತು ಮಲೆನಾಡಿನ ಹೆಂಚಿನ ಮಾಡುಗಳಿಗೆ ಏರಲು ಸುಮಾರು ನಾಲ್ಕು ದಶಕಗಳೇ ಹಿಡಿದವು. ಬೆಲೆ ದುಬಾರಿಯಾಗಿದ್ದುದು ಇದಕ್ಕೆ ಒಂದು ಕಾರಣವಾದರೆ, ಆ ಬೆಲೆಯನ್ನು ಕಂತಿನಲ್ಲಿ ತೀರಿಸಲು ಸಾಲ ಕೊಡುವವರೂ ಉಪಕರಣ ಕೆಟ್ಟಾಗ ಬಂದು ಸರಿಪಡಿಸುವವರೂ ಇಲ್ಲದಿದ್ದುದು ಅಷ್ಟೇ ದೊಡ್ಡ ಕಾರಣವಾಗಿತ್ತು.

ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆಯ ಮಹತ್ವವಿರುವುದು ಇಲ್ಲಿಯೇ. ಸೀಮೆಎಣ್ಣೆಗೆ ಪ್ರತಿ ತಿಂಗಳೂ ಹಣ ತೆರುತ್ತಿದ್ದ ಕುಟುಂಬ ಅಷ್ಟೇ ಮೊತ್ತವನ್ನು ಕಂತಾಗಿ ಕಟ್ಟಬಲ್ಲದೆಂಬ ಸೆಲ್ಕೋದ ವಾದವನ್ನು ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥ ಸಂಸ್ಥೆಗಳು ಒಪ್ಪಿದ್ದು, ಈ ಚರಿತ್ರೆಯ ನಿಜವಾದ ತಿರುವು ಎನ್ನಬೇಕು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಬಡ್ಡಿ ತಗ್ಗಿಸಿ ಸೌರಸಾಲ ನೀಡತೊಡಗಿದವು. ಮುಂದಿನ ಕೆಲವೇ ವರ್ಷಗಳಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಈ ಮಾರ್ಗದಲ್ಲಿ ಬೆಳಕು ಬಂತು.

ಆ ಕಾಲದ ಮನೆಯೊಡೆಯರು ನಿರೀಕ್ಷಿಸಬಹುದಾಗಿದ್ದುದು ಹೆಚ್ಚೇನಲ್ಲ: ಮಾಡಿನ ಮೇಲೆ ದಕ್ಷಿಣಕ್ಕೆ ಓರೆಯಾಗಿ ನಿಲ್ಲಿಸಿದ ಮೂವತ್ತೈದು ವ್ಯಾಟ್ ಆಸುಪಾಸಿನ ಒಂದು ಫಲಕ, ಮೂಲೆಯಲ್ಲೊಂದು ಹನ್ನೆರಡು ವೋಲ್ಟಿನ ಸೀಸ-ಆಮ್ಲ ಬ್ಯಾಟರಿ, ಬ್ಯಾಟರಿ ಅತಿಯಾಗಿ ತುಂಬದಂತೆಯೂ ಪೂರ್ತಿ ಬರಿದಾಗದಂತೆಯೂ ಕಾಯುವ ನಿಯಂತ್ರಕ ಪೆಟ್ಟಿಗೆ, ನಾಲ್ಕು ದೀಪ. ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕಿತ್ತು, ಅಡಿಕೆ ಮರದ ನೆರಳು ಫಲಕದ ಮೇಲೆ ಬೀಳದಂತೆ ನೋಡಬೇಕಿತ್ತು, ಆಷಾಢದ ಮೋಡ ದಿನಗಟ್ಟಲೆ ಕವಿದಾಗ ದೀಪಗಳನ್ನು ಲೆಕ್ಕ ಹಾಕಿ ಉರಿಸಬೇಕಿತ್ತು. ಫಲಕಕ್ಕಿಂತ ಬ್ಯಾಟರಿಯ ಆಯುಸ್ಸು ಬಹಳ ಕಡಿಮೆಯೆಂಬ ಅರಿವು ಬಳಸುವವರಿಗೆ ಬಂದದ್ದು ಅನುಭವದಿಂದಲೇ. ತಾಲ್ಲೂಕು ಕೇಂದ್ರದಲ್ಲಿ ಮೆಕ್ಯಾನಿಕ್ ಇದ್ದ ಕಡೆ ಈ ವ್ಯವಸ್ಥೆ ಉಳಿಯಿತು, ಇಲ್ಲದ ಕಡೆ ಚಿಮಣಿ ಬುಡ್ಡಿ ಮರಳಿತು.

ನಗರದ ತಾರಸಿಗೆ ಬಂದ ಸೌರವಿದ್ಯುತ್ತಿನ ಬಗೆಯೇ ಬೇರೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ಸಹಾಯಧನ ಪಡೆಯದ ತಾರಸಿ ಘಟಕಗಳಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ದರ ನಿಗದಿಪಡಿಸಿದ ಬಳಿಕ, ಮನೆಯಲ್ಲಿ ಬಳಸಿ ಮಿಕ್ಕ ವಿದ್ಯುತ್ತನ್ನು ಬೆಸ್ಕಾಂನಂಥ ಕಂಪನಿಗೆ ಮಾರಲು ದಾರಿಯಾಯಿತು. ಒಳಬಂದ ಮತ್ತು ಹೊರಹೋದ ಯೂನಿಟ್ಟುಗಳೆರಡನ್ನೂ ಅಳೆದು ವ್ಯತ್ಯಾಸಕ್ಕೆ ಮಾತ್ರ ಲೆಕ್ಕ ಕಟ್ಟುವ ಈ ಕ್ರಮಕ್ಕೆ ನೆಟ್ ಮೀಟರಿಂಗ್ ಎಂದು ಹೆಸರು. 2024ರ ಪಿಎಂ ಸೂರ್ಯಘರ್ ಯೋಜನೆ ಮೂರು ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಘೋಷಿಸಿದ ಮೇಲೆ ಮಧ್ಯಮವರ್ಗದ ಆಸಕ್ತಿ ಮತ್ತಷ್ಟು ಹೆಚ್ಚಿದೆ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ ಎಂಬ ಲೆಕ್ಕವನ್ನು ಗ್ರಾಹಕರು ಬೇಗ ಕಲಿಯುತ್ತಾರೆ. ಆದರೆ ಕರೆಂಟು ಹೋದಾಗ ಬ್ಯಾಟರಿಯಿಲ್ಲದ ಇಂಥ ಘಟಕವೂ ನಿಂತುಬಿಡುತ್ತದೆಂಬುದನ್ನು, ಕಂಬದ ಮೇಲೆ ತಂತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ಆಘಾತ ತಗುಲದಿರಲೆಂದೇ ಇನ್ವರ್ಟರನ್ನು ಹಾಗೆ ರೂಪಿಸಲಾಗಿದೆಯೆಂಬುದನ್ನು ಅವರಿಗೆ ಮೊದಲೇ ತಿಳಿಸುವ ಹೊಣೆ ಮಾರುವವರದು. ಮಲೆನಾಡಿನ ಹಳೆಯ ನಾಲ್ಕು ದೀಪದ ವ್ಯವಸ್ಥೆಯನ್ನು ಜನ ಕೊಂಡದ್ದು ಕರೆಂಟು ಇಲ್ಲದ ಹೊತ್ತಿಗಾಗಿಯೇ ಆಗಿದ್ದರಿಂದ, ಸೋಲಾರ್ ಎಂದರೆ ಕತ್ತಲಿಗೆ ಆಸರೆಯೆಂಬ ನಂಬಿಕೆ ಇಲ್ಲಿ ಆಳವಾಗಿ ಬೇರೂರಿದೆ.