ಲಾಭಕ್ಕೆ ಮೊದಲೇ ಷೇರು

ಇಂಟರ್‌ನೆಟ್ ಪುಟಗಳನ್ನು ತೆರೆದು ತೋರಿಸುವ ಬ್ರೌಸರ್ ತಯಾರಿಸುತ್ತಿದ್ದ ಅಮೆರಿಕದ ನೆಟ್‌ಸ್ಕೇಪ್ ಕಂಪೆನಿ 1995ರ ಆಗಸ್ಟ್ 9ರಂದು ಷೇರು ಪೇಟೆಗೆ ಬಂತು. ಹುಟ್ಟಿ 16 ತಿಂಗಳಾಗಿತ್ತಷ್ಟೆ. ಲಾಭದ ಮುಖ ಕಂಡಿರಲಿಲ್ಲ. ಆದರೂ 28 ಡಾಲರಿಗೆ ನೀಡಿದ ಷೇರು ಸಂಜೆಯ ಹೊತ್ತಿಗೆ 58 ಡಾಲರ್ ದಾಟಿತು.

ಈ ಅವಸರ ಸಂಸ್ಥಾಪಕ ಜಿಮ್ ಕ್ಲಾರ್ಕ್‌ನದು. ಟೆಕ್ಸಾಸ್‌ನಲ್ಲಿ ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ನೌಕಾಪಡೆ ಸೇರಿದ್ದ ಈತ ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕನಾದ. ತಾನು ಕಟ್ಟಿದ ಸಿಲಿಕಾನ್ ಗ್ರಾಫಿಕ್ಸ್‌ನಲ್ಲಿ ಹೆಚ್ಚಿನ ಪಾಲು ಬಂಡವಾಳ ಹೂಡಿದವರಿಗೇ ಹೋಯಿತೆಂಬ ಕೊರಗು ಅವನಿಗಿತ್ತು. ಹೀಗಾಗಿ ನೆಟ್‌ಸ್ಕೇಪ್‌ಗೆ ಮೊದಲು ಸ್ವಂತ ಹಣವನ್ನೇ ಸುರಿದ. (ಕಟ್ಟಿಸುತ್ತಿದ್ದ ಹಾಯಿಹಡಗಿಗೂ ಹಣ ಬೇಕಿತ್ತೆನ್ನಿ!)

ಲಾಭ ತೋರಿಸಿದ ಮೇಲೆ ಪೇಟೆಗೆ ಬರುವ ಪದ್ಧತಿ ಅಲ್ಲಿಂದ ಸಡಿಲವಾಯಿತು. ಕ್ಲಾರ್ಕ್‌ನ ಮುಂದಿನ ಕಂಪೆನಿ ಹೆಲ್ತಿಯಾನ್ 1999ರಲ್ಲಿ ನಷ್ಟದಲ್ಲಿದ್ದಾಗಲೇ ಷೇರು ಮಾರಿತು. 2000ದಲ್ಲಿ ಪೇಟೆ ಕುಸಿಯತೊಡಗಿದಾಗ, ಇಂಥ ಷೇರುಗಳನ್ನು ನಂಬಿದ್ದ ಸಾಮಾನ್ಯರ ಉಳಿತಾಯವೂ ಕರಗಿತು.