ಅಮೆರಿಕದ ಜಿಂಕೆಗಳು ಮತ್ತು ಸೊರಗು ರೋಗದ ಅರ್ಧ ಶತಮಾನ

1924ರಲ್ಲಿ ಕ್ಯಾಲಿಫೋರ್ನಿಯಾದ ದನಗಳಿಗೆ ಬಂದ ಕಾಲುಬಾಯಿ ಜ್ವರ ಅವು ಮೇಯುತ್ತಿದ್ದ ಸ್ಟಾನಿಸ್ಲಾಸ್ ರಾಷ್ಟ್ರೀಯ ಅರಣ್ಯದ ಜಿಂಕೆಗಳಿಗೂ ಅಂಟಿಕೊಂಡಿತು. ಸರ್ಕಾರ ಕೋವಿ ಹಿಡಿದವರನ್ನು ಸಂಬಳಕ್ಕೆ ನೇಮಿಸಿತು. ಎರಡು ವರ್ಷಗಳಲ್ಲಿ ಸುಮಾರು 22,000 ಜಿಂಕೆಗಳನ್ನು ಹೊಡೆದುರುಳಿಸಿದರು. ರೋಗದ ಗುರುತು ಕಂಡದ್ದು ಅವುಗಳಲ್ಲಿ ಹತ್ತಕ್ಕೆ ಒಂದರಂತೆ ಮಾತ್ರ. ಆದರೂ ರೋಗ ನಿಂತಿತು. ಮುಂದೆ 1930ರ ದಶಕದಲ್ಲಿ ದನಗಳ ಉಣ್ಣೆಜ್ವರ ತೊಲಗಿಸಬೇಕೆಂದು ಫ್ಲಾರಿಡಾದಲ್ಲೂ ಸಾವಿರಾರು ಜಿಂಕೆಗಳನ್ನು ಕೊಂದರು. ಕಾಡುಪ್ರಾಣಿಗೆ ರೋಗ ಬಂದರೆ ಸಾಕಷ್ಟು ಬೇಗ, ಸಾಕಷ್ಟು ಸಂಖ್ಯೆಯಲ್ಲಿ ಕೊಂದರೆ ಮುಗಿಯಿತು ಎಂಬ ನಂಬಿಕೆ ಅಮೆರಿಕದ ಸರ್ಕಾರಿ ಕಚೇರಿಗಳಲ್ಲಿ ಬೇರೂರಿದ್ದು ಹೀಗೆ. ಬೇಗ ಬಂದು ಬೇಗ ಹೋಗುವ ವೈರಸ್ಸಿನ ಮಟ್ಟಿಗೆ ಆ ನಂಬಿಕೆಗೆ ಆಧಾರವಿತ್ತು. ಎಂಬತ್ತು ವರ್ಷಗಳ ನಂತರ ವಿಸ್ಕಾನ್ಸಿನ್ ರಾಜ್ಯ ಅದನ್ನೇ ಹಿಡಿದು ಹೊರಟಾಗ ಎದುರಿಗಿದ್ದ ಸೊರಗು ರೋಗ ಬೇರೆ ಜಾತಿಯದು, ಜನರೂ ಬೇರೆ ಮನಸ್ಥಿತಿಯವರು.

ನಮ್ಮ ಓದುಗರಿಗೆ ಒಂದು ಮಾತು ಮೊದಲೇ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಮ್ಮಲ್ಲಿ ಅಪರಾಧ. ಗುಣವಾಗದಷ್ಟು ರೋಗಕ್ಕೆ ತುತ್ತಾದ ಪ್ರಾಣಿಯನ್ನು ಕೊಲ್ಲಲೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆ ಬೇಕು. ಅಮೆರಿಕದಲ್ಲಿ ಬೇಟೆಯೇ ಆಡಳಿತದ ಮುಖ್ಯ ಉಪಕರಣ. ಕಾಡಿನ ಜಿಂಕೆ ಯಾರ ಸ್ವತ್ತೂ ಅಲ್ಲ, ಪ್ರಜೆಗಳ ಪರವಾಗಿ ರಾಜ್ಯ ಅದರ ಪಾಲಕ ಎಂಬ ತತ್ತ್ವ ಅಲ್ಲಿಯದು. ಆದರೆ ಜಿಂಕೆ ಮೇಯುವ ನೆಲ ಬಹುಪಾಲು ಖಾಸಗಿ. ರಾಜ್ಯದ ವನ್ಯಜೀವಿ ಇಲಾಖೆಯ ಖರ್ಚು ನಡೆಯುವುದು ಬೇಟೆ ಪರವಾನಗಿಯ ಶುಲ್ಕದಿಂದ, ಮತ್ತು 1937ರ ಪಿಟ್‌ಮನ್–ರಾಬರ್ಟ್ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲೆ ಬರುವ ತೆರಿಗೆಯಿಂದ. ಪಾಲಕ ರಾಜ್ಯ, ನೆಲ ರೈತನದು, ಹಣ ಬೇಟೆಗಾರನದು. ಈ ಮೂವರಲ್ಲಿ ಒಬ್ಬರು ಮುನಿದರೂ ಕೆಲಸ ನಿಲ್ಲುತ್ತದೆ.

ಈ ಏರ್ಪಾಡು ಹುಟ್ಟಿದ್ದು ಜಿಂಕೆಗಳನ್ನು ಹೆಚ್ಚಿಸಲು. 1900ರ ಹೊತ್ತಿಗೆ ಮಾರಾಟದ ಬೇಟೆಯಿಂದಾಗಿ ಇಡೀ ದೇಶದಲ್ಲಿ ಬಿಳಿಬಾಲದ ಜಿಂಕೆಗಳು ಐದು ಲಕ್ಷದ ಆಸುಪಾಸಿಗೆ ಇಳಿದಿದ್ದವು ಎಂಬ ಅಂದಾಜಿದೆ. ಇಂದು ಅವು ಸುಮಾರು ಮೂರು ಕೋಟಿ. ವನ್ಯಜೀವಿ ಆಡಳಿತದ ಚರಿತ್ರೆಯಲ್ಲಿ ಇದು ದೊಡ್ಡ ಗೆಲುವು. ಆದರೆ ಏರಿಸಲು ಕಲಿತ ಯಂತ್ರಕ್ಕೆ ಇಳಿಸುವ ವಿದ್ಯೆ ಒಲಿಯಲಿಲ್ಲ. ಇದನ್ನು ಮೊದಲು ಅನುಭವಿಸಿದವರಲ್ಲಿ ಆಲ್ಡೊ ಲಿಯೊಪೋಲ್ಡ್ ಒಬ್ಬರು. 1933ರಲ್ಲಿ ಈ ಶಾಸ್ತ್ರದ ಮೊದಲ ಪಠ್ಯವೆನ್ನಬಹುದಾದ ‘ಗೇಮ್ ಮ್ಯಾನೇಜ್‌ಮೆಂಟ್’ ಬರೆದ ಅವರು, 1943ರಲ್ಲಿ ವಿಸ್ಕಾನ್ಸಿನ್ ಸಂರಕ್ಷಣಾ ಆಯೋಗದ ಸದಸ್ಯರಾಗಿದ್ದಾಗ, ಕಾಡು ತಾಳಲಾರದಷ್ಟು ಜಿಂಕೆಗಳಾಗಿವೆ, ಹೆಣ್ಣು ಜಿಂಕೆಗಳ ಬೇಟೆಗೂ ಅವಕಾಶ ಕೊಡಬೇಕು ಎಂದರು. ಬೇಟೆಗಾರರು ಸಿಡಿದೆದ್ದರು. ಜಿಂಕೆ ಉಳಿಸಿ ಎಂಬ ಹೆಸರಿನ ಪತ್ರಿಕೆಯೊಂದು ಲಿಯೊಪೋಲ್ಡ್ ವಿರುದ್ಧವೇ ಹೊರಟಿತು. ಹೆಣ್ಣು ಜಿಂಕೆ ಕೊಲ್ಲುವುದು ಪಾಪ ಎಂದು ಎರಡು ತಲೆಮಾರಿಗೆ ಹೇಳಿಕೊಟ್ಟ ರಾಜ್ಯವೇ ಈಗ ಕೊಲ್ಲಿರಿ ಎಂದರೆ ಯಾರು ಕೇಳಬೇಕು? ಲಿಯೊಪೋಲ್ಡ್ ಅವರ ಗುಡಿಸಲಿದ್ದ ಸಾಕ್ ಕೌಂಟಿ ಇಂದು ಸೊರಗು ರೋಗದ ಅತಿ ದಟ್ಟ ಪ್ರದೇಶಗಳಲ್ಲೊಂದು.

ರೋಗದ ಕತೆ ಶುರುವಾಗುವುದು ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ. 1967ರಲ್ಲಿ ಅಲ್ಲಿನ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಮ್ಯೂಲ್ ಜಿಂಕೆಗಳು ತಿಂದರೂ ಮೈಗೂಡದೆ ಸೊರಗಿ, ತಲೆ ತಗ್ಗಿಸಿ, ಜೊಲ್ಲು ಸುರಿಸುತ್ತ ಸಾಯತೊಡಗಿದವು. ಸೆರೆಯ ಬದುಕಿನ ಬಳಲಿಕೆಯೋ ಪೌಷ್ಟಿಕಾಂಶದ ಕೊರತೆಯೋ ಎಂದು ಹತ್ತು ವರ್ಷ ಊಹಿಸುತ್ತಲೇ ಕಳೆದರು. 1970ರ ದಶಕದ ಕೊನೆಯಲ್ಲಿ ಎಲಿಜಬೆತ್ ವಿಲಿಯಮ್ಸ್ ಎಂಬ ಯುವ ಪಶುರೋಗ ತಜ್ಞೆ ಸತ್ತ ಜಿಂಕೆಗಳ ಮಿದುಳಿನ ತೆಳುಪದರಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಕಂಡದ್ದು ಸ್ಪಂಜಿನಂತೆ ತೂತುಬಿದ್ದ ಅಂಗಾಂಶ. ಕುರಿಗಳ ಸ್ಕ್ರೇಪಿ ರೋಗದಲ್ಲಿ ಕಾಣುವುದು ಅದೇ. 1980ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಅಂದರೆ ಸೊರಗು ರೋಗ, ಎಂಬ ಹೆಸರು ನಿಂತಿತು. ಮರುವರ್ಷವೇ ಕೊಲೊರಾಡೊದ ಕಾಡಿನಲ್ಲಿ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯೊಂದರಲ್ಲಿ ರೋಗ ಸಿಕ್ಕಿತು. ಸೆರೆಯಿಂದ ಕಾಡಿಗೆ ಹೋಯಿತೋ, ಕಾಡಿನಿಂದ ಸೆರೆಗೆ ಬಂತೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

1982ರಲ್ಲಿ ಸ್ಟ್ಯಾನ್ಲಿ ಪ್ರೂಸಿನರ್ ಇಂಥ ರೋಗಗಳ ಕಾರಣಕ್ಕೆ ಪ್ರಿಯಾನ್ ಎಂದು ಹೆಸರಿಟ್ಟರು. ಬ್ಯಾಕ್ಟೀರಿಯಾ ಅಲ್ಲ, ವೈರಸ್ ಅಲ್ಲ. ಮೈಯೊಳಗಿನ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡು, ಪಕ್ಕದ ಪ್ರೋಟೀನನ್ನೂ ಹಾಗೆಯೇ ಮಡಚುತ್ತ ಹೋಗುತ್ತದೆ. ಬಹುಕಾಲ ಇದನ್ನು ಹಲವರು ಒಪ್ಪಲಿಲ್ಲ. 1997ರಲ್ಲಿ ಅವರಿಗೆ ನೊಬೆಲ್ ಬಂತು. ಕಾಡು ನೋಡಿಕೊಳ್ಳುವವರಿಗೆ ಇದರಿಂದ ತಿಳಿದದ್ದು ಇಷ್ಟು: ಜೀವವೇ ಇಲ್ಲದ ಈ ವಸ್ತುವನ್ನು ಸಾಯಿಸುವಂತಿಲ್ಲ. ಕುದಿಸಿದರೆ ಹೋಗದು, ಫಾರ್ಮಾಲಿನ್‌ಗೆ ಬಗ್ಗದು. ಜೊಲ್ಲು, ಮೂತ್ರ, ಹಿಕ್ಕೆಗಳಲ್ಲಿ ಹೊರಬಿದ್ದು ಜೇಡಿಮಣ್ಣಿನ ಕಣಗಳಿಗೆ ಅಂಟಿ ವರ್ಷಗಟ್ಟಲೆ ಉಳಿಯುತ್ತದೆ. ರೋಗದ ಜಿಂಕೆಗಳಿದ್ದ ದೊಡ್ಡಿಯನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಖಾಲಿ ಬಿಟ್ಟು, ಬಳಿಕ ಆರೋಗ್ಯವಂತ ಜಿಂಕೆಗಳನ್ನು ಕೂಡಿದರೆ ಅವಕ್ಕೂ ರೋಗ ತಗಲಿದ್ದನ್ನು ಕೊಲೊರಾಡೊದ ಸಂಶೋಧಕರು 2004ರಲ್ಲಿ ವರದಿ ಮಾಡಿದರು. ಸೋಂಕು ತಗಲಿದ ಜಿಂಕೆ ಒಂದೂವರೆ ಎರಡು ವರ್ಷ ಹೊರನೋಟಕ್ಕೆ ಚೆನ್ನಾಗಿಯೇ ಓಡಾಡಿಕೊಂಡು ಹಂಚುತ್ತಿರುತ್ತದೆ. ನಮ್ಮಲ್ಲಿ 1968ರಲ್ಲಿ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂಡೀಪುರ–ಮುದುಮಲೆಯ ಕಾಟಿಗಳನ್ನು ಕೊಂದಾಗ ಪರಿಹಾರ ಕಾಡಿನ ಹೊರಗಿತ್ತು. ಊರ ದನಗಳಿಗೆ ಲಸಿಕೆ ಹಾಕುತ್ತ ಹೋಗಿ, 2011ರಲ್ಲಿ ಜಗತ್ತೇ ಆ ರೋಗದಿಂದ ಬಿಡುಗಡೆ ಪಡೆಯಿತು. ಸೊರಗು ರೋಗಕ್ಕೆ ಲಸಿಕೆ ಇಲ್ಲ, ಮದ್ದಿಲ್ಲ, ಕಾಡಿನ ಹೊರಗೆ ಹಿಡಿಯಬಹುದಾದ ತುದಿಯೂ ಇಲ್ಲ.

2001ರ ನವೆಂಬರ್ ಬೇಟೆಯಲ್ಲಿ ವಿಸ್ಕಾನ್ಸಿನ್‌ನ ಮೌಂಟ್ ಹೋರೆಬ್ ಬಳಿ ಹೊಡೆದ ಮೂರು ಜಿಂಕೆಗಳಲ್ಲಿ ರೋಗವಿರುವುದು 2002ರ ಫೆಬ್ರವರಿಯಲ್ಲಿ ಖಚಿತವಾಯಿತು. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಇದೇ ಮೊದಲು. ಬ್ರಿಟನ್ನಿನಲ್ಲಿ ಇನ್ನೊಂದು ಪ್ರಿಯಾನ್ ರೋಗವಾದ ಹುಚ್ಚುಹಸು ರೋಗ ಮನುಷ್ಯರಿಗೂ ಬಂದಿದೆ ಎಂದು 1996ರಲ್ಲಿ ಒಪ್ಪಿಕೊಂಡ ನೆನಪು ಇನ್ನೂ ಹಸಿಯಾಗಿತ್ತು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ 411 ಚದರ ಮೈಲಿಯನ್ನು ನಿರ್ಮೂಲನ ವಲಯವೆಂದು ಗುರುತಿಸಿ, ಅದರೊಳಗಿನ ಸುಮಾರು 25,000 ಜಿಂಕೆಗಳನ್ನೂ ಕೊಲ್ಲುವುದಾಗಿ ಸಾರಿತು.

ವಿಜ್ಞಾನದ ದೃಷ್ಟಿಯಿಂದ ಅದು ಹುಚ್ಚು ನಿರ್ಧಾರವಲ್ಲ. ರೋಗ ಮಣ್ಣು ಸೇರುವ ಮೊದಲೇ ಹಿಂಡನ್ನು ತೆಗೆದುಬಿಡಬೇಕು ಎಂಬ ತರ್ಕ ಸರಿಯಾಗಿಯೇ ಇತ್ತು. ಎಡವಿದ್ದು ಜನರ ಲೆಕ್ಕದಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗ್ರಾಮೀಣ ಸಮಾಜಶಾಸ್ತ್ರಜ್ಞ ಥಾಮಸ್ ಹೆಬರ್‌ಲೀನ್ 2004ರಲ್ಲೇ ಬರೆದರು: ಈ ಗುರಿ ಮುಟ್ಟಬೇಕಾದರೆ ಬೇಟೆಗಾರರು ತಮ್ಮ ಸ್ವಭಾವಕ್ಕೇ ವಿರುದ್ಧವಾಗಿ ನಡೆಯಬೇಕಾಗುತ್ತದೆ, ಅದು ಆಗದ ಮಾತು. ನವೆಂಬರಿನ ಒಂಬತ್ತು ದಿನಗಳ ಬೇಟೆ ಆ ರಾಜ್ಯದಲ್ಲಿ ನಮ್ಮ ಊರಹಬ್ಬದ ಹಾಗೆ. ಅಪ್ಪ ಮಕ್ಕಳು, ಅಣ್ಣತಮ್ಮಂದಿರು ಕೂಡುವ ಹೊತ್ತು. ಹೊಡೆದದ್ದನ್ನು ಮನೆಗೆ ತಂದು ತಿನ್ನುವುದು ಅದರ ಧರ್ಮ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿಟ್ಟು ಕಾಯಿರಿ, ಬಂದ ಮೇಲೆ ಎಸೆಯಬೇಕಾದೀತು, ಆದರೂ ಕೊಲ್ಲುತ್ತಲೇ ಇರಿ ಎಂದರೆ ಅವರ ಪಾಲಿಗೆ ಅದು ಬೇಟೆಯೇ ಅಲ್ಲ. 2002ರಲ್ಲಿ ಪರವಾನಗಿ ಮಾರಾಟ ಸುಮಾರು ಹತ್ತನೇ ಒಂದು ಭಾಗ ಕುಸಿಯಿತು. ಸರ್ಕಾರಿ ಗುರಿಕಾರರಿಗೆ ಹಲವು ರೈತರು ಬೇಲಿಯೊಳಗೆ ಕಾಲಿಡಲು ಬಿಡಲಿಲ್ಲ. ಹೆಣ್ಣು ಜಿಂಕೆಯೊಂದನ್ನು ಹೊಡೆದ ಮೇಲೆಯೇ ಕೊಂಬಿನ ಗಂಡನ್ನು ಹೊಡೆಯಲು ಅನುಮತಿ ಎಂಬ ನಿಯಮ ಸಂಖ್ಯೆ ಇಳಿಸುವಲ್ಲಿ ನಿಜಕ್ಕೂ ಪರಿಣಾಮಕಾರಿಯಾಗಿತ್ತು. ಜನ ಅತಿಯಾಗಿ ದ್ವೇಷಿಸಿದ್ದೂ ಅದನ್ನೇ.

2006ರಲ್ಲಿ ಶಾಸನಸಭೆಯ ಲೆಕ್ಕಪರಿಶೋಧಕರು ಕೋಟ್ಯಂತರ ಡಾಲರ್ ಖರ್ಚಾದರೂ ಗುರಿ ಈಡೇರಿಲ್ಲವೆಂದು ವರದಿ ಕೊಟ್ಟರು. 2007ರಲ್ಲಿ ಗುರಿಕಾರರ ಕೆಲಸ ನಿಂತಿತು. 2011ರಲ್ಲಿ ಶಾಸನಸಭೆ ಆ ಹೆಣ್ಣುಜಿಂಕೆ ನಿಯಮವನ್ನೂ ರದ್ದುಮಾಡಿತು. ಹೊಸ ಗವರ್ನರ್ ಸ್ಕಾಟ್ ವಾಕರ್ ಟೆಕ್ಸಾಸ್‌ನ ಜಿಂಕೆ ತಜ್ಞ ಜೇಮ್ಸ್ ಕ್ರೋಲ್ ಅವರನ್ನು ಕರೆಸಿದರು. 2012ರ ಅವರ ವರದಿ ಕೈಕಟ್ಟಿ ಗಮನಿಸುವ ದಾರಿಯನ್ನು ಸೂಚಿಸಿತು. ರೋಗ ಕಂಡ ಕೌಂಟಿಯಲ್ಲಿ ಜಿಂಕೆಗಳಿಗೆ ಮೇವು ಸುರಿಯುವುದಕ್ಕೆ ನಿಷೇಧವಿದೆ ನಿಜ. ಆದರೆ 2017ರ ಕಾನೂನಿನಂತೆ ಮೂರು ವರ್ಷ ಹೊಸ ಪ್ರಕರಣ ಸಿಗದಿದ್ದರೆ ಅದು ತಾನಾಗಿ ತೆರವಾಗುತ್ತದೆ. ಪ್ರಿಯಾನ್ ಮಣ್ಣಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಓದಿದವರು ಬರೆಯುವ ಕಾನೂನಲ್ಲ ಅದು. ಆರಂಭದಲ್ಲಿ ನೂರರಲ್ಲಿ ಕೆಲವೇ ಜಿಂಕೆಗಳಲ್ಲಿದ್ದ ರೋಗ, ಇಂದು ಆ ಮೂಲ ವಲಯದ ಕೆಲವು ಭಾಗಗಳಲ್ಲಿ ವಯಸ್ಕ ಗಂಡುಗಳ ಮೂರನೇ ಒಂದಕ್ಕೂ ಹೆಚ್ಚು ಪಾಲನ್ನು ಹಿಡಿದಿದೆ.

ಗಡಿಯಾಚೆಯ ಇಲಿನಾಯ್‌ಗೆ ರೋಗ ಬಂದದ್ದೂ 2002ರಲ್ಲೇ. ಅಲ್ಲಿ ನಿರ್ಮೂಲನ ಎಂಬ ದೊಡ್ಡ ಮಾತಿಲ್ಲ. ಬೇಟೆಗಾಲ ಮುಗಿದ ಮೇಲೆ, ಜನವರಿಯಿಂದ ಮಾರ್ಚ್‌ವರೆಗೆ, ರೋಗದ ಜಿಂಕೆ ಸಿಕ್ಕ ಜಾಗದ ಸುತ್ತ ಮಾತ್ರ, ಒಪ್ಪಿದ ಜಮೀನಿನಲ್ಲಿ ಮಾತ್ರ, ಇಲಾಖೆಯವರೇ ಹೋಗಿ ಗುರಿಯಿಟ್ಟು ಹೊಡೆಯುವುದು. ಈ ಕೆಲಸವನ್ನು ಸದ್ದಿಲ್ಲದೆ, ವರ್ಷ ತಪ್ಪಿಸದೆ ಮಾಡಿದರು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡೂ ರಾಜ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿತು: ಹೊಡೆಯುವುದನ್ನು ನಿಲ್ಲಿಸಿದ ವಿಸ್ಕಾನ್ಸಿನ್‌ನಲ್ಲಿ ರೋಗ ಏರುತ್ತಿತ್ತು, ಇಲಿನಾಯ್‌ನಲ್ಲಿ ಶೇಕಡಾ ಒಂದರ ಆಸುಪಾಸಿನಲ್ಲೇ ನಿಂತಿತ್ತು. ಆ ನಂತರ ಅಲ್ಲೂ ಮೆಲ್ಲನೆ ಏರಿದೆ, ಹೊಸ ಕೌಂಟಿಗಳಿಗೂ ಹಬ್ಬಿದೆ. ಆದರೂ ಗಳಿಸಿದ ಕಾಲ ಸಣ್ಣದಲ್ಲ. ನನ್ನ ಮಟ್ಟಿಗೆ ಈ ಇಡೀ ಶಾಸ್ತ್ರದ ತಿರುಳು ಈ ಎರಡು ನೆರೆರಾಜ್ಯಗಳಲ್ಲಿದೆ. ಕೊಲ್ಲುವುದು ಫಲಿಸುವುದಿಲ್ಲ ಎಂದು ವಿಸ್ಕಾನ್ಸಿನ್ ತೋರಿಸಿಕೊಟ್ಟಿತು ಎನ್ನುವವರಿದ್ದಾರೆ. ಅದು ತೋರಿಸಿದ್ದು ಬೇರೆ: ಐದು ವರ್ಷಗಳಲ್ಲಿ ಮುಗಿಸುತ್ತೇವೆ ಎಂದು ಹೊರಟು ಐದನೇ ವರ್ಷ ಕೈಬಿಡುವುದು ಫಲಿಸುವುದಿಲ್ಲ. ಈ ರೋಗ ದಶಕಗಳಲ್ಲಿ ನಡೆಯುತ್ತದೆ. ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ.

ಮೊದಲ ಕಿಡಿಯಲ್ಲೇ ಆರಿಸಿದ ಉದಾಹರಣೆಗಳೂ ಇವೆ. ನ್ಯೂಯಾರ್ಕ್ ರಾಜ್ಯದ ಒನೈಡಾ ಕೌಂಟಿಯಲ್ಲಿ 2005ರಲ್ಲಿ ಎರಡು ಕಾಡುಜಿಂಕೆಗಳಲ್ಲಿ ರೋಗ ಸಿಕ್ಕಾಗ ಕೂಡಲೇ ಸುತ್ತಲಿನ ಜಿಂಕೆಗಳನ್ನು ಹೊಡೆದು ಪರೀಕ್ಷಿಸಿದರು. ನಂತರದ ವರ್ಷಗಳ ಸಾವಿರಾರು ಪರೀಕ್ಷೆಗಳಲ್ಲಿ ಕಾಡಿನ ಜಿಂಕೆಯಲ್ಲಿ ಅದು ಮತ್ತೆ ಕಾಣಲಿಲ್ಲ. ಮಿನ್ನೆಸೊಟಾ ತನ್ನ ವಾಯವ್ಯ ಭಾಗದ ಜಿಂಕೆಗಳಿಂದ ಜಾನುವಾರು ಕ್ಷಯವನ್ನು ಇದೇ ಬಗೆಯಲ್ಲಿ ತೊಲಗಿಸಿ 2011ರಲ್ಲಿ ಕ್ಷಯಮುಕ್ತ ಎನಿಸಿಕೊಂಡಿತು. ಮಿಷಿಗನ್ ಮಾತ್ರ 1990ರ ದಶಕದಿಂದ ಅದೇ ಕ್ಷಯದೊಂದಿಗೆ ಬದುಕುತ್ತಿದೆ. ಅಲ್ಲಿ ಬೇಟೆ ಕ್ಲಬ್ಬುಗಳು ಲಾರಿಗಟ್ಟಲೆ ಮೇವು ಸುರಿದು ಜಿಂಕೆಗಳನ್ನು ಒಂದೆಡೆ ಗುಡ್ಡೆಹಾಕಿದ ಕಾಲದಲ್ಲೇ ರೋಗ ಬೇರೂರಿಬಿಟ್ಟಿತ್ತು.

ಎಲ್ಲರಿಗಿಂತ ಕಠಿಣ ಹೆಜ್ಜೆ ಇಟ್ಟದ್ದು ನಾರ್ವೆ. 2016ರಲ್ಲಿ ನಾರ್ಡ್‌ಫ್ಯೆಲ್ಲಾ ಬೆಟ್ಟದ ಕಾಡು ಹಿಮಸಾರಂಗವೊಂದರಲ್ಲಿ ಯೂರೋಪಿನ ಮೊದಲ ಪ್ರಕರಣ ಸಿಕ್ಕಿತು. ಯೂರೋಪಿನ ಕಾಡು ಹಿಮಸಾರಂಗಗಳ ಕೊನೆಯ ನೆಲೆಗಳಲ್ಲೊಂದಾದ ಆ ಬೆಟ್ಟದಲ್ಲಿ, ರೋಗವಿದ್ದ ವಲಯದ ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳ ಇಡೀ ಹಿಂಡನ್ನು 2018ರ ವಸಂತದೊಳಗೆ ಇಲ್ಲವಾಗಿಸಿದರು. ಪರೀಕ್ಷೆಯಲ್ಲಿ ರೋಗವಿದ್ದದ್ದು ಒಟ್ಟು ಹತ್ತೊಂಬತ್ತಕ್ಕೆ. ನೆಲವನ್ನು ವರ್ಷಗಳ ಕಾಲ ಬರಿದು ಬಿಟ್ಟು ಮತ್ತೆ ಹಿಂಡು ತರುವ ಯೋಜನೆ. ಅಷ್ಟರಲ್ಲಿ, 2020ರಲ್ಲಿ, ಪಕ್ಕದ ಹಾರ್ಡಂಗರ್‌ವಿಡ್ಡಾದಲ್ಲಿ ಇನ್ನೊಂದು ಪ್ರಕರಣ ಕಂಡಿತು. ಅದು ದೇಶದ ಅತಿ ದೊಡ್ಡ ಹಿಂಡಿರುವ ಪ್ರಸ್ಥಭೂಮಿ. ಹತ್ತೊಂಬತ್ತಕ್ಕಾಗಿ ಎರಡು ಸಾವಿರ ಎಂಬ ಲೆಕ್ಕ ನೋವು ತರಿಸುತ್ತದೆ. ಆದರೂ ಆ ನಿರ್ಧಾರವನ್ನು ತಪ್ಪೆನ್ನಲು ನನಗೆ ಮನಸ್ಸಾಗದು. ಇನ್ನೂ ಮಣ್ಣಿಗಿಳಿಯದ ರೋಗವನ್ನು ತಡೆಯಲು ಸಿಗುವ ಅವಕಾಶ ಒಂದೇ ಒಂದು.

ಉತ್ತರ ಅಮೆರಿಕದಲ್ಲಿ ಆ ಅವಕಾಶ ಬಹುತೇಕ ಕಡೆ ಕೈತಪ್ಪಿದೆ. ರೋಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. 2023ರಲ್ಲಿ ಯೆಲ್ಲೊಸ್ಟೋನ್ ಉದ್ಯಾನದೊಳಗೂ ಸತ್ತ ಮ್ಯೂಲ್ ಜಿಂಕೆಯೊಂದರಲ್ಲಿ ಸಿಕ್ಕಿತು. ಹೀಗಾಗಿ ಕಳೆದ ಹದಿನೈದು ವರ್ಷಗಳಲ್ಲಿ ಕೇಳುವ ಪ್ರಶ್ನೆಯೇ ಬದಲಾಗಿದೆ. ತೊಲಗಿಸುವುದು ಹೇಗೆ ಎಂಬುದರ ಬದಲು, ಎಷ್ಟು ಮಟ್ಟದಲ್ಲಿ ಹಿಡಿದಿಡಬಹುದು, ಹಿಡಿಯದಿದ್ದರೆ ಹಿಂಡಿಗೇನಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದಾರೆ. ಎರಡನೆಯದಕ್ಕೆ ವಯೋಮಿಂಗ್ ಉತ್ತರ ಕೊಟ್ಟಿತು: ರೋಗ ದಟ್ಟವಾಗಿರುವ ಪ್ರದೇಶದಲ್ಲಿ ರೇಡಿಯೊ ಪಟ್ಟಿ ಕಟ್ಟಿ ಹಿಂಬಾಲಿಸಿದ ಬಿಳಿಬಾಲದ ಜಿಂಕೆಗಳು ವರ್ಷಕ್ಕೆ ಶೇಕಡಾ 10ರಂತೆ, ಮ್ಯೂಲ್ ಜಿಂಕೆಗಳು ಶೇಕಡಾ 21ರಂತೆ ಇಳಿಯುತ್ತಿದ್ದವು. ರೋಗವಿದ್ದರೂ ಹಿಂಡು ಹೇಗೋ ನಡೆದುಕೊಂಡು ಹೋಗುತ್ತದೆ ಎಂಬ ಸಮಾಧಾನ 2016–17ರ ಆ ಎರಡು ಪ್ರಬಂಧಗಳೊಂದಿಗೆ ಹೋಯಿತು. ಮೊದಲನೆಯದಕ್ಕೆ ಕೊಲೊರಾಡೊ ಉತ್ತರ ಹುಡುಕುತ್ತಿದೆ. ಆಯ್ದ ಹಿಂಡುಗಳಲ್ಲಿ ಹೊಡೆದ ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಡುವುದು ಅಲ್ಲಿ ಕಡ್ಡಾಯ. ರೋಗ ಹೆಣ್ಣಿಗಿಂತ ವಯಸ್ಸಾದ ಗಂಡುಗಳಲ್ಲಿ ಹೆಚ್ಚು. ಆದ್ದರಿಂದ ಅವುಗಳ ಬೇಟೆಯನ್ನು ಹೆಚ್ಚಿಸಿದ ಕಡೆ ರೋಗದ ಪ್ರಮಾಣ ತಗ್ಗಿತು ಅಥವಾ ನಿಂತಿತು. ಬೆಟ್ಟಸಿಂಹಗಳು (ಪ್ಯೂಮಾ) ರೋಗದ ಜಿಂಕೆಗಳನ್ನೇ ಹೆಚ್ಚಾಗಿ ಹಿಡಿಯುತ್ತವೆ ಎಂಬುದೂ ಅಲ್ಲೇ ತಿಳಿದದ್ದು. ಹಳೆಯ ಗಂಡುಗಳನ್ನು ಕಡಿಮೆ ಮಾಡಿ ಎಂದರೆ ದೊಡ್ಡ ಕೊಂಬಿನ ಕನಸು ಕಾಣುವ ಬೇಟೆಗಾರನಿಗೆ ಹಿಡಿಸುವುದಿಲ್ಲ. ಮತ್ತೆ ಅದೇ ಮೂವರ ನಡುವಿನ ಗಂಟು.

ಮನುಷ್ಯರಿಗೆ ಈ ರೋಗ ಬಂದ ಒಂದು ಪ್ರಕರಣವೂ ದಾಖಲಾಗಿಲ್ಲ. ರೋಗವಿರುವ ಪ್ರದೇಶದ ಜಿಂಕೆಯನ್ನು ಪರೀಕ್ಷಿಸಿಯೇ ತಿನ್ನಿ, ರೋಗ ಕಂಡರೆ ತಿನ್ನಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. 2022ರ ಕೊನೆಯಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಸಂಶೋಧನೆಗೂ ನಿರ್ವಹಣೆಗೂ ವರ್ಷಕ್ಕೆ 7 ಕೋಟಿ ಡಾಲರ್‌ವರೆಗೆ ಕೊಡಬಹುದೆಂದು ಕಾಯ್ದೆ ಮಾಡಿತು.

ಈಗ ಎಲ್ಲರ ಕಣ್ಣು ಪಶ್ಚಿಮ ವಯೋಮಿಂಗ್ ಮೇಲಿದೆ. ಎಲ್ಕ್‌ಗಳ ಚಳಿಗಾಲದ ಕಣಿವೆಗಳಲ್ಲಿ ಪಶುಪಾಲಕರು ನೆಲೆಯೂರಿದ ಮೇಲೆ, 1912ರಲ್ಲಿ ಜಾಕ್ಸನ್ ಬಳಿ ಒಕ್ಕೂಟ ಸರ್ಕಾರ ರಾಷ್ಟ್ರೀಯ ಎಲ್ಕ್ ಆಶ್ರಯತಾಣ ಸ್ಥಾಪಿಸಿತು. ಮುಂದೆ ರಾಜ್ಯವೂ ಇಪ್ಪತ್ತರಷ್ಟು ಮೇವಿನ ತಾಣಗಳನ್ನು ತೆರೆದು, ಎಲ್ಕ್‌ಗಳು ಹಸಿವಿನಿಂದ ಸಾಯದಂತೆ, ರೈತರ ಬಣವೆಗೆ ನುಗ್ಗದಂತೆ, ದನಗಳಿಗೆ ಬ್ರೂಸೆಲ್ಲಾ ರೋಗ ದಾಟಿಸದಂತೆ ಹುಲ್ಲು ಹಾಕುತ್ತ ಬಂದಿದೆ. ಸಾವಿರಾರು ಪ್ರಾಣಿಗಳು ಅದೇ ನೆಲದಲ್ಲಿ ಮೂತಿಗೆ ಮೂತಿ ತಾಗಿಸಿ ಮೇಯುತ್ತವೆ. 2024–25ರ ಚಳಿಗಾಲದಲ್ಲಿ ಅಲ್ಲಿನ ತಾಣಗಳಲ್ಲಿ ಸತ್ತ ಎಲ್ಕ್‌ಗಳಲ್ಲಿ ಸೊರಗು ರೋಗ ಖಚಿತವಾಯಿತು. ಮೇವು ನಿಲ್ಲಿಸಿದರೆ ಮೊದಲ ಚಳಿಗಾಲಗಳಲ್ಲಿ ಅನೇಕ ಎಲ್ಕ್‌ಗಳು ಸಾಯುತ್ತವೆ, ಉಳಿದವು ದನಗಳ ಹುಲ್ಲಿಗೆ ಬರುತ್ತವೆ. ನಿಲ್ಲಿಸದಿದ್ದರೆ ಆ ಮಣ್ಣು ವರ್ಷದಿಂದ ವರ್ಷಕ್ಕೆ ಪ್ರಿಯಾನ್ ತುಂಬಿಕೊಳ್ಳುತ್ತದೆ. ರಾಜ್ಯದ ತಾಣಗಳನ್ನು ಮುಚ್ಚುವ ನಿರ್ಧಾರ 2021ರ ಕಾನೂನಿನಂತೆ ಇಲಾಖೆಯ ಕೈಯಲ್ಲಿಲ್ಲ, ಗವರ್ನರ್ ಕೈಯಲ್ಲಿದೆ.